ಆರಾಧನೆಯ ಗಿಟಾರಿಗೆ ಮಲ್ಟಿ-ಎಫೆಕ್ಟ್ಸ್ ಪೆಡಲ್: ಆರಿಸುವ ಮುಂಚೆ ತಿಳಿದಿರಬೇಕಾದದ್ದು

ಭಾನುವಾರದ ಆರಾಧನೆಯಲ್ಲಿ ಗಿಟಾರ್ ನುಡಿಸುವವರಿಗೆಲ್ಲ ಈ ಗಳಿಗೆ ಗೊತ್ತು. ಸ್ತುತಿಗೀತೆಯ ಕೊನೆಯ ಪಲ್ಲವಿ ಜೋರಾಗಿ ನಡೆದಿದೆ, ಡ್ರಮ್ಸ್ ತುಂಬಿಕೊಂಡಿದೆ, ನಿಮ್ಮ ಗಿಟಾರಿನಲ್ಲಿ ಡ್ರೈವ್, ಅಂದರೆ ಒಡೆದು ಗರ್ಜಿಸುವ ನಾದ, ಇದೆ. ಹಾಡು ನಿಲ್ಲುತ್ತದೆ, ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡುತ್ತಾರೆ. ಈಗ ಕೊನೆಯ ಸ್ವರದ ಗುಂಗು ಮೆಲ್ಲಗೆ ಕರಗಬೇಕು, ಅದು ಕರಗುತ್ತಿರುವಾಗಲೇ ಮೆತ್ತನೆಯ ಇನ್ನೊಂದು ನಾದ ಅದರೊಳಗಿಂದ ಏಳಬೇಕು. ನೀವು ಪ್ಯಾಚ್, ಅಂದರೆ ಪೆಡಲಿನಲ್ಲಿ ಮೊದಲೇ ಹೊಂದಿಸಿಟ್ಟ ನಾದ, ಬದಲಿಸಲು ಸ್ವಿಚ್ ಒತ್ತುತ್ತೀರಿ. ಗುಂಗು ಟಕ್ಕನೆ ತುಂಡಾಗುತ್ತದೆ. ಅರೆಕ್ಷಣ ಏನೂ ಇಲ್ಲ, ಆಮೇಲೆ ಹೊಸ ಶಬ್ದ.

ಆ ಅರೆಕ್ಷಣ ನನ್ನನ್ನು ಎಷ್ಟೋ ಭಾನುವಾರ ಕಾಡಿದೆ. ಪೆಡಲ್ ಕೊಳ್ಳುವಾಗ ಅದರಲ್ಲಿ ಎಷ್ಟು ಎಫೆಕ್ಟ್‌ಗಳಿವೆ, ಎಷ್ಟು ಆಂಪ್‌ಗಳ ನಕಲಿದೆ ಎಂದು ಎಣಿಸಿದ್ದೆ. ಪ್ಯಾಚ್ ಬದಲಾಗುವಾಗ ಏನಾಗುತ್ತದೆ ಎಂದು ಅಂಗಡಿಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಸಭೆಯ ಹಾಡಿಗೆ ಹೆಗಲು ಕೊಡುವ ವಾದ್ಯ ಸಭೆಯ ಗಮನವನ್ನು ತನ್ನ ಕಡೆ ಎಳೆದುಕೊಳ್ಳಬಾರದು. ಪೆಡಲ್ ಆರಿಸುವಾಗ ನಾನು ಈಗ ಹಿಡಿಯುವ ಅಳತೆಗೋಲು ಇದೊಂದೇ: ಆರಾಧನೆಯ ನಡುವೆ ನಾನು ಇದನ್ನು ಮರೆತು ಹಾಡಬಲ್ಲೆನೇ?

ಮೊದಲು ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ನೋಡೋಣ. ಮಲ್ಟಿ-ಎಫೆಕ್ಟ್ಸ್ ಎಂದರೆ ಗಿಟಾರಿಗಾಗಿಯೇ ಮಾಡಿದ ಒಂದು ಸಣ್ಣ ಕಂಪ್ಯೂಟರ್. ತಂತಿಯಿಂದ ಬಂದ ವಿದ್ಯುತ್ ಸಂಕೇತವನ್ನು ಅದು ಅಂಕಿಗಳಾಗಿ ಬದಲಿಸುತ್ತದೆ, ಆ ಅಂಕಿಗಳ ಮೇಲೆ ಲೆಕ್ಕ ಮಾಡಿ ಡ್ರೈವ್, ಡಿಲೇ (ಪ್ರತಿಧ್ವನಿ), ರಿವರ್ಬ್ (ದೊಡ್ಡ ಕಟ್ಟಡದೊಳಗಿನಂಥ ಗುಂಗು) ಎಲ್ಲವನ್ನೂ ಸೇರಿಸಿ ಮತ್ತೆ ವಿದ್ಯುತ್ ಸಂಕೇತವಾಗಿ ಹೊರಗೆ ಬಿಡುತ್ತದೆ. ಇದಕ್ಕೆ ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಅಂದರೆ ಪೆಡಲಿನ ವಿಳಂಬ ನೀವು ಸ್ಪೀಕರಿನಿಂದ ಒಂದೆರಡು ಹೆಜ್ಜೆ ಹಿಂದೆ ನಿಂತ ಹಾಗೆ. ಈ ಒಂದು ಭಯವನ್ನು ಬಿಟ್ಟುಬಿಡಬಹುದು.

ಲೆಕ್ಕ ಮಾಡುವ ಚಿಪ್‌ಗೆ ಒಂದು ಮಿತಿ ಇರುತ್ತದೆ. ಶಿಮರ್‌ನಂಥ (ಅದೇನೆಂದು ಮುಂದೆ ಹೇಳುತ್ತೇನೆ) ಭಾರದ ರಿವರ್ಬ್ ಒಂದೇ ಅದರ ಅರ್ಧ ಶಕ್ತಿಯನ್ನು ತಿನ್ನಬಹುದು. ಹಾಗಾಗಿ ಡಬ್ಬದ ಮೇಲೆ ನೂರಾರು ಎಫೆಕ್ಟ್ ಎಂದು ಬರೆದಿದ್ದರೆ ಅವುಗಳಲ್ಲಿ ಏಕಕಾಲಕ್ಕೆ ಎಷ್ಟು ನಡೆಯುತ್ತವೆ ಎಂದು ಕೇಳಬೇಕು. ಆರಾಧನೆಯ ಗಿಟಾರಿಗೆ ಒಟ್ಟಿಗೆ ಬೇಕಾಗುವವು ಇವು: ಒಂದು ಕಂಪ್ರೆಸರ್ (ಶಬ್ದದ ಏರುಪೇರನ್ನು ತಗ್ಗಿಸುವುದು), ಹಗುರ ಡ್ರೈವ್ ಒಂದು, ಅದರ ಮೇಲೆ ಏರಿಸಲು ಇನ್ನೊಂದು, ಆಂಪ್, ಕ್ಯಾಬ್ (ಸ್ಪೀಕರ್ ಪೆಟ್ಟಿಗೆ), ಡಿಲೇ, ರಿವರ್ಬ್. ಏಳು. ಇನ್ನೊಂದು ಡಿಲೇಗೆ ಜಾಗ ಇದ್ದರೆ ಹಬ್ಬ.

ಈಗ ನಿಜವಾದ ವಿಷಯಕ್ಕೆ ಬರೋಣ. ನಿಮ್ಮ ಕೇಬಲ್ ಎಲ್ಲಿ ಹೋಗಿ ಮುಟ್ಟುತ್ತದೆ? ನಮ್ಮ ಬಹುಪಾಲು ಚರ್ಚುಗಳಲ್ಲಿ ವೇದಿಕೆಯ ಮೇಲೆ ಗಿಟಾರ್ ಆಂಪ್ ಇರುವುದಿಲ್ಲ. ಪೆಡಲಿನಿಂದ ಹೊರಟ ಕೇಬಲ್ ನೇರ ಮಿಕ್ಸರಿಗೆ ಹೋಗುತ್ತದೆ. ಪ್ರಸಂಗದ ಮೈಕಿಗೂ ಕೀಬೋರ್ಡಿಗೂ ಇರುವ ಸ್ಪೀಕರುಗಳೇ ಗಿಟಾರಿಗೂ. ತೊಡಕು ಹುಟ್ಟುವುದು ಇಲ್ಲೇ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲಿಬಿಡುತ್ತದೆ. ಆ ಮೇಲಿನ ಕಿರ್ರನೆಯ ಶಬ್ದವನ್ನು ಅದು ಹೊರಗೆ ಬಿಡುವುದೇ ಇಲ್ಲ, ಗಿಟಾರ್ ಇಂಪಾಗಿ ಕೇಳುವುದಕ್ಕೆ ಅರ್ಧ ಕಾರಣ ಅದು. ಸಭಾಂಗಣದ ಸ್ಪೀಕರಿನಲ್ಲಿ ಟ್ವೀಟರ್ ಇರುತ್ತದೆ, ಬಂದದ್ದನ್ನೆಲ್ಲ ನಿಷ್ಠೆಯಿಂದ ಹೊರಹಾಕುತ್ತದೆ. ಡ್ರೈವ್ ಹಾಕಿದ ಗಿಟಾರನ್ನು ಹಾಗೇ ಮಿಕ್ಸರಿಗೆ ಕೊಟ್ಟರೆ ಡಬ್ಬದೊಳಗೆ ಜೇನುನೊಣ ಸಿಕ್ಕಿಬಿದ್ದ ಹಾಗೆ ಕೇಳುವುದು ಇದಕ್ಕೇ.

ಇದನ್ನು ಸರಿಪಡಿಸುವುದು ಕ್ಯಾಬ್ ಸಿಮ್ಯುಲೇಶನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ನಕಲು. ಇತ್ತೀಚಿನ ಪೆಡಲುಗಳಲ್ಲಿ ಇದು ಐಆರ್ ರೂಪದಲ್ಲಿ ಬರುತ್ತದೆ. ಐಆರ್ ಎಂದರೆ ಇಂಪಲ್ಸ್ ರೆಸ್ಪಾನ್ಸ್: ಒಂದು ನಿಜವಾದ ಸ್ಪೀಕರ್ ಮುಂದೆ ಮೈಕ್ ಇಟ್ಟು, ಅದರ ಸ್ವಭಾವವನ್ನು ಸಣ್ಣ ಧ್ವನಿ ಫೈಲ್ ಆಗಿ ಹಿಡಿದಿಟ್ಟದ್ದು. ಪೆಡಲ್ ನಿಮ್ಮ ಶಬ್ದವನ್ನು ಆ ಅಚ್ಚಿನೊಳಗಿಂದ ಹಾಯಿಸುತ್ತದೆ. ನನ್ನ ಮಟ್ಟಿಗೆ ಒಂದು ಪೆಡಲಿನ ನಾದದಲ್ಲಿ ಅತಿ ಹೆಚ್ಚು ವ್ಯತ್ಯಾಸ ತರುವ ಭಾಗ ಇದೇ. ಆಂಪ್ ಮಾಡೆಲ್ ಬದಲಿಸಿದ್ದಕ್ಕಿಂತ ಐಆರ್ ಬದಲಿಸಿದಾಗ ನಾದ ಹೆಚ್ಚು ಬದಲಾಗುತ್ತದೆ. ಆದ್ದರಿಂದ ಹೊರಗಿನ ಐಆರ್ ಫೈಲ್ ಹಾಕಿಕೊಳ್ಳಲು ಬಿಡುವ ಪೆಡಲ್ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡಬಹುದು. ನಿಮ್ಮ ಚರ್ಚಿನಲ್ಲಿ ಆಂಪ್ ಇಟ್ಟು ಅದರ ಮುಂದೆ ಮೈಕ್ ಹಾಕುತ್ತಿದ್ದರೆ ಕ್ಯಾಬ್ ಸಿಮ್ಯುಲೇಶನ್ ಆಫ್ ಮಾಡಿ. ಎರಡೂ ಸೇರಿದರೆ ಗಿಟಾರಿಗೆ ಕಂಬಳಿ ಹೊದಿಸಿದಂತಾಗುತ್ತದೆ.

ಮಿಕ್ಸರಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಅಡ್ಡಿ ಇದೆ. ಪೆಡಲುಗಳೆಲ್ಲ ಸ್ಟೀರಿಯೋ ಎಂದು ಹೇಳಿಕೊಳ್ಳುತ್ತವೆ, ಬಹಳ ಚರ್ಚುಗಳ ಸೌಂಡ್ ವ್ಯವಸ್ಥೆ ಮಾತ್ರ ಮೋನೋ. ಎಡಕ್ಕೂ ಬಲಕ್ಕೂ ಪುಟಿಯುವ ಪಿಂಗ್‌ಪಾಂಗ್ ಡಿಲೇಯಲ್ಲಿ ಒಂದೇ ಬದಿಯ ಕೇಬಲ್ ಹಾಕಿದರೆ ಅರ್ಧ ಪ್ರತಿಧ್ವನಿ ಕಳೆದುಹೋಗಬಹುದು, ಎರಡೂ ಬದಿ ಮಿಕ್ಸರಿನಲ್ಲಿ ಬೆರೆತಾಗ ಕೋರಸ್ ಎಫೆಕ್ಟ್ ಪೇಲವವಾಗಬಹುದು. ಮೋನೋ ಎಂದು ಗುರುತಿರುವ ಜ್ಯಾಕನ್ನೇ ಬಳಸಿ, ಪ್ಯಾಚುಗಳನ್ನೂ ಮೋನೋದಲ್ಲೇ ಕಿವಿಗೊಟ್ಟು ಕಟ್ಟಿ. ಕೇಬಲ್ ಉದ್ದವಾದಷ್ಟೂ ಗುಂಯ್‌ಗುಡುವ ಶಬ್ದ ಹೆಚ್ಚು, ಅದಕ್ಕೆ ನಡುವೆ ಒಂದು ಡಿಐ ಬಾಕ್ಸ್ ಬೇಕು, ಅಂದರೆ ಗಿಟಾರಿನ ಸಂಕೇತವನ್ನು ಉದ್ದದ ಮೈಕ್ ಕೇಬಲಿಗೆ ಹೊಂದುವಂತೆ ಬದಲಿಸುವ ಸಣ್ಣ ಪೆಟ್ಟಿಗೆ. ಅದರ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ತಳ್ಳಿದರೆ ಎಷ್ಟೋ ಸಲ ಗುಂಯ್ ನಿಂತುಹೋಗುತ್ತದೆ. ಪೆಡಲಿಗಿಟ್ಟ ಹಣದಲ್ಲಿ ಒಂದು ಪಾಲು ಡಿಐ ಬಾಕ್ಸಿಗೂ ಒಳ್ಳೆಯ ಕೇಬಲಿಗೂ ತೆಗೆದಿಡಿ.

ಡಿಲೇ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇವತ್ತಿನ ಆರಾಧನಾ ಗಿಟಾರಿನ ಜೀವ ಇರುವುದು ಅದರಲ್ಲಿ. ಐರ್ಲೆಂಡಿನ ಯೂ ಟೂ ತಂಡದ ಗಿಟಾರಿಸ್ಟ್ ದಿ ಎಡ್ಜ್ 1980ರ ದಶಕದಲ್ಲಿ ಜನಪ್ರಿಯಗೊಳಿಸಿದ ಒಂದು ರೀತಿಯನ್ನು ಸಿಡ್ನಿಯ ಹಿಲ್‌ಸಾಂಗ್‌ನಂಥ ಸಭೆಗಳ ಸಂಗೀತಗಾರರು ಎತ್ತಿಕೊಂಡರು, ಅದು ಅಲ್ಲಿಂದ ಪ್ರಪಂಚದ ಚರ್ಚುಗಳಿಗೆಲ್ಲ ಹಬ್ಬಿತು. ಅದರ ಹೆಸರು ಡಾಟೆಡ್ ಏಯ್ತ್ ಡಿಲೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ: ಚತುರಶ್ರ ನಡೆಯಲ್ಲಿ ಒಂದು ಬೀಟಿಗೆ ನಾಲ್ಕು ಅಕ್ಷರ, ತ-ಕ-ದಿ-ಮಿ. ನೀವು ನುಡಿಸಿದ ಸ್ವರದ ಪ್ರತಿಧ್ವನಿ ಮೂರು ಅಕ್ಷರ ಕಳೆದ ಮೇಲೆ, ಅಂದರೆ 'ಮಿ' ಇರುವಲ್ಲಿ ಬಂದು ಬೀಳುತ್ತದೆ. ನೀವು ಬೀಟಿಗೆ ಎರಡರಂತೆ, 'ತ'ಕ್ಕೂ 'ದಿ'ಗೂ, ಸರಳವಾಗಿ ಮೀಟುತ್ತಾ ಹೋದರೆ ನಿಮ್ಮ ಎರಡು ಸ್ವರಗಳ ನಡುವಿನ ಖಾಲಿ ಜಾಗವನ್ನು ಪ್ರತಿಧ್ವನಿ ತಾನೇ ತುಂಬುತ್ತದೆ. ಎರಡು ಕೈ ಇನ್ನೆರಡಾದಂತೆ ಕೇಳುತ್ತದೆ.

ಲೆಕ್ಕ ಸುಲಭ. 45,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ) ಭಾಗಿಸಿದರೆ ಡಿಲೇಯ ಮಿಲಿಸೆಕೆಂಡು ಸಿಗುತ್ತದೆ. ನಿಮಿಷಕ್ಕೆ 72 ಬೀಟ್ ಇರುವ ನಿಧಾನದ ಹಾಡಿಗೆ 625, 120 ಇದ್ದರೆ 375. ಇಷ್ಟು ಲೆಕ್ಕವನ್ನೂ ಯಾರೂ ವೇದಿಕೆಯ ಮೇಲೆ ಮಾಡುವುದಿಲ್ಲ. ಟ್ಯಾಪ್ ಟೆಂಪೋ ಸ್ವಿಚ್ಚನ್ನು ಕಾಲಿನಿಂದ ಬೀಟಿಗೆ ಸರಿಯಾಗಿ ಮೂರು ನಾಲ್ಕು ಸಲ ಒತ್ತಿದರೆ ಪೆಡಲ್ ತಾನೇ ಲೆಕ್ಕ ಹಾಕುತ್ತದೆ. ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ (ಲಯ ಹಿಡಿದಿಡುವ ಟಿಕ್ ಟಿಕ್ ಶಬ್ದ) ಇಟ್ಟುಕೊಳ್ಳದ ಸಭೆಗಳಲ್ಲಿ ಹಾಡು ಏರುತ್ತಾ ಇಳಿಯುತ್ತಾ ಹೋಗುತ್ತದೆ. ತಬಲ, ಢೋಲಕ್ ಜೊತೆ ಹಾಡುವಾಗಂತೂ ಭಕ್ತಿ ಏರಿದಂತೆ ಲಯವೂ ಏರುತ್ತದೆ, ಅದು ಹಾಗೇ ಇರಬೇಕು. ಆಗ ಹಾಡಿನ ನಡುವೆಯೇ ಮತ್ತೆ ಟ್ಯಾಪ್ ಮಾಡಲೇಬೇಕು. ಟ್ಯಾಪ್ ಸ್ವಿಚ್ ಸದಾ ಕಾಲಿಗೆ ಸಿಗುವ ಹಾಗಿಲ್ಲದ ಪೆಡಲನ್ನು, ಮೆನುವಿನೊಳಗೆ ಹೋಗಿ ಹುಡುಕಬೇಕಾದ ಪೆಡಲನ್ನು ನಾನು ಆರಾಧನೆಗೆ ಒಪ್ಪುವುದಿಲ್ಲ.

ಇಲ್ಲಿ ನಮ್ಮ ಹಾಡುಗಳದೇ ಒಂದು ಸಮಸ್ಯೆ ಇದೆ, ಯೂಟ್ಯೂಬಿನ ಪಾಠಗಳಲ್ಲಿ ಇದನ್ನು ನಾನು ಎಲ್ಲೂ ಕೇಳಿಲ್ಲ. ಕನ್ನಡ ಚರ್ಚುಗಳಲ್ಲಿ ಪಾಶ್ಚಾತ್ಯ ರಾಗದ ಗೀತೆಗಳ ಜೊತೆಗೆ ಭಜನೆಯ ಧಾಟಿಯ ಹಾಡುಗಳೂ ಇವೆ. ಅವುಗಳಲ್ಲಿ ಬಹಳಷ್ಟು ದಾದ್ರಾದಲ್ಲಿ, ಅಂದರೆ ಮೂರು ಮೂರು ಸೇರಿ ಆರು ಮಾತ್ರೆಯ ತಿಶ್ರ ನಡೆಯಲ್ಲಿ ಸಾಗುತ್ತವೆ. ಅಂಥ ಹಾಡಿಗೆ ಕಾಲು ತಾನಾಗಿ ಮೂರು ಮಾತ್ರೆಗೊಮ್ಮೆ ತಾಳ ಹಾಕುತ್ತದೆ. ಅದನ್ನೇ ಟ್ಯಾಪ್ ಮಾಡಿದಿರಿ, ಹೊಡೆತಕ್ಕೂ ಹೊಡೆತಕ್ಕೂ ನಡುವೆ 1000 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಒಂದು ಮಾತ್ರೆ 333 ಆಯಿತು. ಪೆಡಲ್ ಡಾಟೆಡ್ ಏಯ್ತ್‌ನಲ್ಲೇ ಇದ್ದರೆ ಪ್ರತಿಧ್ವನಿ 750ಕ್ಕೆ ಬೀಳುತ್ತದೆ, ಎರಡನೆಯ ಮಾತ್ರೆ ಮುಗಿದು ಮೂರನೆಯದರ ಕಾಲು ಭಾಗ ಕಳೆದ ಮೇಲೆ. ಯಾವ ಮಾತ್ರೆಗೂ ಸೇರದ ಜಾಗ ಅದು. ಢೋಲಕ್ ಒಂದು ಕಡೆ ಎಳೆಯುತ್ತದೆ, ಗಿಟಾರಿನ ಪ್ರತಿಧ್ವನಿ ಇನ್ನೊಂದು ಕಡೆ. ಹಾಡುವವರಿಗೆ ಏನೋ ಕಾಲು ತೊಡರುತ್ತಿದೆ ಅನ್ನಿಸುತ್ತದೆ, ಯಾಕೆಂದು ತಿಳಿಯುವುದಿಲ್ಲ.

ಪರಿಹಾರ ಪೆಡಲಿನಲ್ಲೇ ಇದೆ. ಡಿಲೇಯ ವಿಭಾಗವನ್ನು ಟ್ರಿಪ್ಲೆಟ್‌ಗೆ, ಅಂದರೆ ಮೂರರ ಲೆಕ್ಕಕ್ಕೆ, ಬದಲಿಸಿ. ಏಯ್ತ್ ಟ್ರಿಪ್ಲೆಟ್ ಇಟ್ಟರೆ 333, ಅಂದರೆ ಪ್ರತಿ ಮಾತ್ರೆಗೂ ಪ್ರತಿಧ್ವನಿ. ಕ್ವಾರ್ಟರ್ ಟ್ರಿಪ್ಲೆಟ್ ಇಟ್ಟರೆ 667, ಎರಡು ಮಾತ್ರೆಗೊಮ್ಮೆ ಬಂದು ದಾದ್ರಾದ ಮೇಲೆ ಚೆಂದದ ಒಂದು ತೂಗಾಟ ಕಟ್ಟುತ್ತದೆ. ನಿಮ್ಮ ಸಭೆಯಲ್ಲಿ ಎರಡೂ ಬಗೆಯ ಹಾಡುಗಳಿದ್ದರೆ, ಡಾಟೆಡ್ ಮತ್ತು ಟ್ರಿಪ್ಲೆಟ್ ನಡುವೆ ಒಂದೇ ಒತ್ತಿನಲ್ಲಿ ಹಾರುವಂತೆ ಸ್ವಿಚ್ ಕಟ್ಟಿಕೊಳ್ಳಲು ಪೆಡಲ್ ಬಿಡುತ್ತದೆಯೇ ಎಂದು ಕೊಳ್ಳುವ ಮುಂಚೆ ನೋಡಿ.

ರಿವರ್ಬ್ ವಿಷಯದಲ್ಲಿ ಪೆಡಲಿಗಿಂತ ಮೊದಲು ಕಟ್ಟಡವನ್ನು ಕೇಳಬೇಕು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಂಥ ಎತ್ತರದ ಕಮಾನಿನ, ಕಲ್ಲಿನ ಕಟ್ಟಡದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಶಬ್ದ ಮೇಲೇರಿ ಸುತ್ತಿ ನಿಧಾನಕ್ಕೆ ಇಳಿಯುತ್ತದೆ. ಅಲ್ಲಿ ರಿವರ್ಬ್ ಕಟ್ಟಿದವರೇ ಕೊಟ್ಟಿದ್ದಾರೆ. ಪೆಡಲಿನಿಂದ ಇನ್ನಷ್ಟು ಸುರಿದರೆ ಸ್ವರಗಳೆಲ್ಲ ಒಂದರೊಳಗೊಂದು ಕಲಸಿ ಹಾಡಿನ ಸಾಹಿತ್ಯವೇ ಮುಳುಗುತ್ತದೆ. ಆರಾಧನೆಯಲ್ಲಿ ಮಾತು ಕೇಳದಿದ್ದರೆ ಮಿಕ್ಕಿದ್ದೆಲ್ಲ ಇದ್ದು ಏನು? ಪರದೆ, ಕಾರ್ಪೆಟ್ ಹಾಕಿದ ತಗ್ಗು ಸೂರಿನ ಹಾಲ್‌ನಲ್ಲಿ ಇದರ ತಿರುಗಾಮುರುಗ. ಅಲ್ಲಿ ಗಿಟಾರ್ ಒಣಗಿದ ಹಾಗೆ ಕೇಳುತ್ತದೆ, ಪೆಡಲಿನ ಹಾಲ್ ರಿವರ್ಬ್ ಅದಕ್ಕೆ ನೀರು ಹಾಕಿದಂತೆ. ತಗಡಿನ ಸೂರಿನ ಚರ್ಚುಗಳಲ್ಲಿ ತಾರ ಶಬ್ದ ಮಾತ್ರ ಅತ್ತಿತ್ತ ಬಡಿದು ಚುರ್ರೆನ್ನುತ್ತದೆ. ಅಲ್ಲಿ ರಿವರ್ಬಿನ ಹೈ ಕಟ್, ಅಂದರೆ ತಾರವನ್ನು ಕತ್ತರಿಸುವ ಗಡಿ, ಇಳಿಸಬೇಕು, ಮೋಡದ ಹಾಗೆ ಮಂದವಾದ ರಿವರ್ಬ್ ಬೇಕು. ಆದ್ದರಿಂದ ಪೆಡಲಿನಲ್ಲಿ ಎಷ್ಟು ಬಗೆಯ ರಿವರ್ಬ್ ಇದೆ ಎನ್ನುವುದು ದೊಡ್ಡ ಮಾತಲ್ಲ. ರಿವರ್ಬಿಗೆ ಹೈ ಕಟ್, ಲೋ ಕಟ್ (ಮಂದ್ರವನ್ನು ಕತ್ತರಿಸುವುದು), ಪ್ರಿ-ಡಿಲೇ (ಸ್ವರಕ್ಕೂ ರಿವರ್ಬಿಗೂ ನಡುವಿನ ಬಿಡುವು) ಮೂರೂ ಇದ್ದರೆ ಯಾವ ಕಟ್ಟಡಕ್ಕೂ ಹೊಂದಿಸಬಹುದು.

ಶಿಮರ್ ಎಂಬ ಹೆಸರು ಆರಾಧನಾ ಸಂಗೀತಗಾರರ ಬಾಯಲ್ಲಿ ಸದಾ ಕೇಳುತ್ತದೆ. ರಿವರ್ಬಿನ ಗುಂಗನ್ನೇ ಒಂದು ಸ್ಥಾಯಿ ಮೇಲಕ್ಕೆತ್ತಿ ಮತ್ತೆ ರಿವರ್ಬಿನೊಳಗೆ ಬಿಡುವ ತಂತ್ರ ಅದು. ಪ್ರಾರ್ಥನೆಯ ಹೊತ್ತಿಗೆ ತಂತಿವಾದ್ಯಗಳ ಮೇಳ ದೂರದಲ್ಲಿ ನಿಂತ ಹಾಗೆ ಕೇಳುತ್ತದೆ. ಚೆಂದ, ಆದರೆ ನಿಮ್ಮ ಕೀಬೋರ್ಡ್ ನುಡಿಸುವವರು ಆಗಲೇ ಪ್ಯಾಡ್ (ಹಿನ್ನೆಲೆಯ ಉದ್ದನೆಯ ನಾದ) ಹಿಡಿದಿದ್ದರೆ ಅದೇ ಜಾಗಕ್ಕೆ ಇಬ್ಬರು ಕೂತಂತಾಗುತ್ತದೆ. ಕೀಬೋರ್ಡ್ ಇಲ್ಲದ ಸಣ್ಣ ಪ್ರಾರ್ಥನಾ ಕೂಟಗಳಲ್ಲಿ ಶಿಮರ್ ನಿಜವಾಗಿ ಕೈ ಹಿಡಿಯುತ್ತದೆ.

ಈಗ ಕಾಲಿನ ವಿಷಯ. ಮೊದಲು ಹೇಳಿದ ಆ ತುಂಡಾದ ಗುಂಗಿಗೆ ಕಾರಣ ಇದು: ಪ್ಯಾಚ್ ಬದಲಿಸಿದರೆ ಎಷ್ಟೋ ಪೆಡಲುಗಳು ಹಳೆಯ ಎಫೆಕ್ಟುಗಳ ಸಾಲನ್ನೆಲ್ಲ ಬಿಚ್ಚಿ ಹೊಸದನ್ನು ಜೋಡಿಸುತ್ತವೆ. ಹಳೆಯ ಡಿಲೇ, ರಿವರ್ಬ್ ಅದರ ಜೊತೆಗೇ ಹೋಗುತ್ತದೆ. ಇದಕ್ಕೆ ಎರಡು ದಾರಿ ಇವೆ. ಒಂದು, ಸ್ಪಿಲೋವರ್ ಅಥವಾ ಕ್ಯಾರಿ-ಓವರ್ ಎಂಬ ಸೌಲಭ್ಯ, ಹಳೆಯ ಬಾಲ ಕರಗುವವರೆಗೂ ಉಳಿಸಿಕೊಳ್ಳುತ್ತದೆ. ಇನ್ನೊಂದು, ನನ್ನ ಪ್ರಕಾರ ಉತ್ತಮವಾದದ್ದು: ಪ್ಯಾಚ್ ಒಂದೇ ಇರುತ್ತದೆ, ಅದರೊಳಗಿನ ಎಫೆಕ್ಟುಗಳಲ್ಲಿ ಯಾವುದು ಆನ್, ಯಾವುದು ಆಫ್, ಯಾವ ನಾಬ್ ಎಲ್ಲಿ ಎನ್ನುವುದನ್ನು ಮಾತ್ರ ಒಂದೇ ಒತ್ತಿನಲ್ಲಿ ಬದಲಿಸುವುದು. ಲೈನ್ ಸಿಕ್ಸ್ ಕಂಪನಿ ಇದನ್ನು ಸ್ನ್ಯಾಪ್‌ಶಾಟ್ ಎನ್ನುತ್ತದೆ, ಕ್ವಾಡ್ ಕಾರ್ಟೆಕ್ಸ್ ಪೆಡಲಿನವರು ಮತ್ತು ಫ್ರ್ಯಾಕ್ಟಲ್ ಕಂಪನಿಯವರು ಸೀನ್ ಎನ್ನುತ್ತಾರೆ. ಡಿಲೇ, ರಿವರ್ಬ್ ಅಲ್ಲೇ ಇರುವುದರಿಂದ, ಟ್ರೇಲ್ಸ್ (ಎಫೆಕ್ಟ್ ಆಫ್ ಆದರೂ ಬಾಲ ಉಳಿಸುವ ಆಯ್ಕೆ) ಆನ್ ಇಟ್ಟಿದ್ದರೆ ಗುಂಗು ಮುರಿಯುವುದಿಲ್ಲ. ಒಂದು ಆರಾಧನೆಗೆ ನಾಲ್ಕು ಸಾಕು: ಚರಣಕ್ಕೆ ಶುಭ್ರ ನಾದ, ಪಲ್ಲವಿಗೆ ಹಗುರ ಡ್ರೈವ್, ಕೊನೆಯ ಏರಿಗೆ ತುಂಬು ಡ್ರೈವ್, ಪ್ರಾರ್ಥನೆಗೆ ಮೆದು ಗುಂಗು.

ಪ್ರಾರ್ಥನೆಯ ಆ ನಾಲ್ಕನೆಯದಕ್ಕೆ ವಾಲ್ಯೂಮ್ ಪೆಡಲ್ ಬೇಕೇ ಬೇಕು. ಪೆಡಲ್ ಮುಚ್ಚಿ ಸ್ವರ ಮೀಟಿ, ಮೆಲ್ಲಗೆ ತೆರೆದರೆ ಮೀಟಿದ ಗುರುತೇ ಇಲ್ಲದೆ ಪಿಟೀಲಿನ ಹಾಗೆ ನಾದ ಏಳುತ್ತದೆ. ಸಾಲಿನಲ್ಲಿ ಅದರ ಜಾಗ ಡ್ರೈವ್ ಆದ ಮೇಲೆ, ಡಿಲೇಗಿಂತ ಮುಂಚೆ. ಡಿಲೇ, ರಿವರ್ಬ್ ದಾಟಿ ಕೊನೆಯಲ್ಲಿಟ್ಟರೆ ಪೆಡಲ್ ಮುಚ್ಚಿದಾಗ ಗುಂಗೂ ಸಾಯುತ್ತದೆ. ಡ್ರೈವಿಗಿಂತ ಮುಂಚೆ ಇಟ್ಟರೆ ಶಬ್ದದ ಜೊತೆ ಡ್ರೈವೂ ಏರಿಳಿಯುತ್ತದೆ.

ನಮ್ಮಲ್ಲಿ ಎಷ್ಟೋ ಜನರ ಕೈಯಲ್ಲಿರುವುದು ಎಲೆಕ್ಟ್ರಿಕ್ ಅಲ್ಲ, ಪಿಕಪ್ ಇರುವ ಸೆಮಿ-ಅಕೌಸ್ಟಿಕ್ ಗಿಟಾರ್. ಅದಕ್ಕೂ ಇದೇ ಪೆಡಲ್ ಆಗುತ್ತದೆ. ಡ್ರೈವ್, ಆಂಪ್, ಗಿಟಾರ್ ಕ್ಯಾಬ್ ಮೂರನ್ನೂ ಆಫ್ ಮಾಡಿ, ಕಂಪ್ರೆಸರ್, ಈಕ್ವಲೈಸರ್, ಸಣ್ಣ ರಿವರ್ಬ್ ಇಟ್ಟರೆ ಸಾಕು. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಮಾನಿಟರಿನಿಂದ ಗುಮ್ಮೆನ್ನುವ ಫೀಡ್‌ಬ್ಯಾಕ್ ಸ್ವಲ್ಪ ಮಟ್ಟಿಗೆ ಹತೋಟಿಗೆ ಬರುತ್ತದೆ. ಅಕೌಸ್ಟಿಕ್ ಗಿಟಾರಿನ ಐಆರ್ ಹಾಕಿದರೆ ಪೀಜೋ ಪಿಕಪ್ಪಿನ ಪ್ಲಾಸ್ಟಿಕ್ಕಿನಂಥ ಧ್ವನಿ ಹೋಗಿ ಮರದ ಧ್ವನಿ ಬರುತ್ತದೆ.

ಯಾವುದನ್ನು ಕೊಳ್ಳುವುದು ಎನ್ನುವ ಪ್ರಶ್ನೆಗೆ ಈಗ ಉತ್ತರಿಸಬಹುದು. ಮೊದಲ ಪೆಡಲ್ ಕೊಳ್ಳುವ ಯುವಕ ಯುವತಿಯರಿಗೆ ಬಾಸ್ ಜಿಟಿ-1 ಅಥವಾ ಜೂಮ್ ಜಿ1ಎಕ್ಸ್ ಫೋರ್. ಎರಡಕ್ಕೂ ಎಕ್ಸ್‌ಪ್ರೆಷನ್ ಪೆಡಲ್ (ಕಾಲಿನಿಂದ ಮೇಲೆ ಕೆಳಗೆ ಓಲಾಡಿಸುವುದು, ವಾಲ್ಯೂಮ್ ಪೆಡಲ್ ಆಗಿಯೂ ಬಳಸಬಹುದು) ಇದೆ, ಎರಡೂ ನಾಲ್ಕು ಎಎ ಬ್ಯಾಟರಿಗಳಲ್ಲಿ ನಡೆಯುತ್ತವೆ. ಮನೆಮನೆಯ ಪ್ರಾರ್ಥನಾ ಕೂಟಕ್ಕೆ ಬೈಕಿನಲ್ಲಿ ಹೋಗುವವರಿಗೆ, ಕರೆಂಟ್ ಹೋಗುವ ಊರಿನವರಿಗೆ ಅದು ಸಣ್ಣ ಸಂಗತಿಯಲ್ಲ. ಜೂಮ್‌ನಲ್ಲಿ ಒಟ್ಟಿಗೆ ಐದೇ ಎಫೆಕ್ಟ್ ನಡೆಯುತ್ತವೆ, ಜಿಟಿ-1ರಲ್ಲಿ ಮೂರೇ ಸ್ವಿಚ್. ಆದರೂ ಕಲಿಯುವ ಕಾಲಕ್ಕೆ ಇವು ಸಾಲುತ್ತವೆ.

ಮೆನು ಎಂದರೆ ಆಗದವರು ಬಾಸ್‌ನ ಎಂಇ ಸರಣಿ ನೋಡಿ. ಎಂಇ-80 ಮತ್ತು 2023ರಲ್ಲಿ ಬಂದ ಎಂಇ-90ರಲ್ಲಿ ಪ್ರತಿ ಎಫೆಕ್ಟಿಗೂ ಅದರದೇ ನಾಬ್‌ಗಳಿವೆ, ಬಿಡಿ ಪೆಡಲುಗಳನ್ನು ಸಾಲಾಗಿ ಇಟ್ಟ ಹಾಗೆ. ಬಗ್ಗಿ ತಿರುಗಿಸಿದರೆ ಮುಗಿಯಿತು.

ಒಂದೇ ಪೆಡಲಿನಲ್ಲಿ ಹತ್ತಾರು ವರ್ಷ ಸೇವೆ ಮಾಡಬೇಕೆನ್ನುವವರಿಗೆ ನಾನು ಹೇಳುವುದು 2020ರಲ್ಲಿ ಬಂದ ಲೈನ್ ಸಿಕ್ಸ್ ಪಾಡ್ ಗೋ. ಎಂಟು ಸ್ವಿಚ್, ಎಕ್ಸ್‌ಪ್ರೆಷನ್ ಪೆಡಲ್, ನಾಲ್ಕು ಸ್ನ್ಯಾಪ್‌ಶಾಟ್, ಹೊರಗಿನ ಐಆರ್. ಆಂಪ್, ಕ್ಯಾಬ್, ವಾಲ್ಯೂಮ್ ಇತ್ಯಾದಿಗೆ ಜಾಗ ಮೊದಲೇ ಗೊತ್ತುಮಾಡಿ ಉಳಿದ ನಾಲ್ಕು ಜಾಗ ನಿಮಗೆ ಬಿಟ್ಟಿದ್ದಾರೆ: ಎರಡು ಡ್ರೈವ್, ಒಂದು ಡಿಲೇ, ಒಂದು ರಿವರ್ಬ್. ಕಂಪ್ರೆಸರ್ ಬೇಕೆಂದರೆ ಒಂದು ಡ್ರೈವ್ ಬಿಡಬೇಕು. ಅದೇ ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ 2018ರದು, ನಾದ ಇನ್ನೂ ಮೇಲು, ಎಂಟು ಬ್ಲಾಕ್ (ಎಫೆಕ್ಟ್ ಇಡುವ ಜಾಗ) ಸಿಗುತ್ತವೆ. ಆದರೆ ಸ್ವಿಚ್ ಮೂರೇ, ಎಕ್ಸ್‌ಪ್ರೆಷನ್ ಪೆಡಲ್ ಬೇರೆ ಕೊಳ್ಳಬೇಕು. ಎಂಟು ಸ್ವಿಚ್ಚಿನ ಸ್ಟಾಂಪ್ ಎಕ್ಸ್‌ಎಲ್ ಆ ಕೊರತೆ ತುಂಬುತ್ತದೆ. ಮುಟ್ಟುಪರದೆ ಇಷ್ಟಪಡುವವರಿಗೆ 2022ರ ಬಾಸ್ ಜಿಎಕ್ಸ್-100 ಇದೆ. ಕ್ವಾಡ್ ಕಾರ್ಟೆಕ್ಸ್, ಹೀಲಿಕ್ಸ್‌ನಂಥ ದುಬಾರಿ ಯಂತ್ರಗಳು ಅದ್ಭುತವಾಗಿವೆ, ಆದರೆ ಚರ್ಚಿನ ಸ್ಪೀಕರ್ ಹಳೆಯದಾಗಿದ್ದರೆ ಆ ವ್ಯತ್ಯಾಸದ ಹಣವನ್ನು ಮೊದಲು ಸ್ಪೀಕರಿಗೆ ಕೊಡಿ ಎಂದು ಹಿರಿಯರಿಗೆ ಹೇಳುತ್ತೇನೆ.

ಕೊಂಡು ತಂದ ಮೇಲೆ ಮನೆಯಲ್ಲಿ ಹೆಡ್‌ಫೋನ್ ಹಾಕಿ ಪ್ಯಾಚ್ ಮಾಡಿ, ಭಾನುವಾರ ನೇರ ಹೋಗಿ ನುಡಿಸಬೇಡಿ. ಶಬ್ದ ಸಣ್ಣದಿದ್ದಾಗ ನಮ್ಮ ಕಿವಿಗೆ ಮಂದ್ರವೂ ತಾರವೂ ಕಡಿಮೆ ಕೇಳುತ್ತವೆ, ಅದಕ್ಕೆ ನಾವು ಎರಡನ್ನೂ ಏರಿಸಿಬಿಡುತ್ತೇವೆ. ಅದೇ ಪ್ಯಾಚ್ ಸಭಾಂಗಣದಲ್ಲಿ ಜೋರಾದಾಗ ಕೆಳಗೆ ಗುಮ್ಮೆನ್ನುತ್ತದೆ, ಮೇಲೆ ಕಿವಿ ಇರಿಯುತ್ತದೆ. ಶನಿವಾರದ ಅಭ್ಯಾಸಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಸೌಂಡ್ ನೋಡಿಕೊಳ್ಳುವ ಅಣ್ಣನನ್ನು ಜೊತೆಗೆ ಕರೆದು, ಪೂರ್ತಿ ಶಬ್ದದಲ್ಲಿ ನಾಲ್ಕೂ ನಾದಗಳನ್ನು ಕೇಳಿ. ಅವುಗಳ ಮಟ್ಟ ಒಂದಕ್ಕೊಂದು ಹೊಂದಿರಬೇಕು. ಪಲ್ಲವಿಗೆ ಹೋದಾಗಲೆಲ್ಲ ಆತ ಫೇಡರ್ ಹಿಡಿದು ಇಳಿಸಬೇಕಾಗಿ ಬಂದರೆ ಪ್ಯಾಚ್ ಇನ್ನೂ ಮುಗಿದಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಗಿಟಾರ್ ಆಂಪಿಗೆ ಬೇಡ, ಹಾಡುವ ಮೈಕಿಗೆ ಬಳಸುವಂಥ ಸ್ಪೀಕರಿಗೆ ಹಾಕಿಕೊಡಿ ಎಂದು ಕೇಳಿ. ರಿವರ್ಬ್ ಏರಿಸಿ ಒಂದು ಕಾರ್ಡ್ ಮೀಟಿ, ಅದು ಗುಂಗಿಡುತ್ತಿರುವಾಗಲೇ ಪ್ಯಾಚ್ ಬದಲಿಸಿ, ಏನಾಗುತ್ತದೆ ಕೇಳಿಸಿಕೊಳ್ಳಿ. ಪ್ಲಗ್ ಕಿತ್ತು ಮತ್ತೆ ಹಾಕಿ, ಮೊದಲ ಶಬ್ದ ಬರುವವರೆಗೆ ಎಷ್ಟು ಸೆಕೆಂಡು ಎಣಿಸಿ, ಪ್ರಾರ್ಥನೆಯ ನಡುವೆ ಕರೆಂಟ್ ಹೋಗಿ ಬಂದರೆ ನೀವು ಕಾಯಬೇಕಾದದ್ದು ಅಷ್ಟು ಹೊತ್ತು. ಆಮೇಲೆ ಪೆಡಲನ್ನು ನೆಲದ ಮೇಲಿಟ್ಟು ಎದ್ದು ನಿಂತು, ಚರ್ಚಿಗೆ ಹಾಕುವ ಚಪ್ಪಲಿ ಅಥವಾ ಬರಿಗಾಲಲ್ಲಿ ಸ್ವಿಚ್ಚುಗಳನ್ನು ಒತ್ತಿ ನೋಡಿ. ಒಂದನ್ನು ಒತ್ತಿದಾಗ ಪಕ್ಕದ್ದು ತಗುಲದಿದ್ದರೆ, ನಿಂತಲ್ಲಿಂದ ಪರದೆಯ ಅಕ್ಷರ ಓದಲು ಬಂದರೆ, ಅದು ನಿಮಗೆ ಸರಿಯಾದ ಪೆಡಲ್.